ಮರಳು ತೆಗೆಯುವ ಮುನ್ನ: ಸೇತುವೆ, ಪಂಪುಹೌಸು, ಬಾವಿಗಳ ರಕ್ಷಣೆ ಹೇಗೆ?

ಮರಳು ಎನ್ನಿ, ಕಾಸರಗೋಡಿನವರಂತೆ ಹೊಯಿಗೆ ಎನ್ನಿ, ಅಕ್ಕಲಕೋಟೆ ಕಡೆಯವರಂತೆ ಉಸುಕು ಎನ್ನಿ, ಮನೆ ಕಟ್ಟಲು ಅದು ಬೇಕೇ ಬೇಕು. ಆದರೆ ಹೊಳೆಯಲ್ಲಿ ತೆಗೆಯುವ ಜಾಗ ತಪ್ಪಿದರೆ ಊರಿನ ಸೇತುವೆ, ಕುಡಿಯುವ ನೀರಿನ ಪಂಪುಹೌಸು, ದಂಡೆಯ ಬಾವಿ, ವಿದ್ಯುತ್ ಗೋಪುರ ಎಲ್ಲಕ್ಕೂ ಕುತ್ತು. ಪರವಾನಗಿ ಕೊಡುವ ಮೊದಲೇ ಏನೇನು ನೋಡಬೇಕು, ಕಾನೂನು ಏನು ಹೇಳುತ್ತದೆ, ಗ್ರಾಮಸ್ಥರು ಎಲ್ಲಿ ವಿಚಾರಿಸಬಹುದು ಎಂಬ ವಿವರ ಇಲ್ಲಿದೆ.

ಅಪಾಯ ಬರುವ ಬಗೆ

ಹೊಳೆಯಲ್ಲಿ ತೋಡಿದ ಗುಂಡಿ ತೋಡಿದಲ್ಲೇ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ನೀರು ಗುಂಡಿಗೆ ಧುಮುಕುವಾಗ ಅದರ ಮೇಲಂಚು ಕೊರೆದು ಗುಂಡಿ ಮೇಲ್ಭಾಗಕ್ಕೆ ಸರಿಯುತ್ತದೆ. ನೀರು ಹೊತ್ತು ತಂದ ಮರಳು ಗುಂಡಿಯಲ್ಲೇ ತಂಗುವುದರಿಂದ, ಮುಂದೆ ಹರಿಯುವ ನೀರು ಕೆಳಭಾಗದ ತಳ ಹಾಗೂ ದಂಡೆಯನ್ನು ಕೊರೆಯುತ್ತದೆ. ಆದ್ದರಿಂದ ಸೇತುವೆಯ ಮೇಲೂ ಕೆಳಗೂ ಎರಡೂ ಕಡೆ ಅಂತರ ಬಿಡಬೇಕು.

ಸೇತುವೆಯ ಕಂಬಕ್ಕೆ ಸುತ್ತಲಿನ ಮರಳೇ ಹಿಡಿತ. ತಳ ಇಳಿದಷ್ಟೂ ಅಡಿಪಾಯ ಬಯಲಾಗುತ್ತದೆ. ಪೋರ್ಚುಗಲ್ ದೇಶದ ಡೌರೊ ನದಿಯ ಹಿಂಟ್ಸೆ ರಿಬೈರೊ ಸೇತುವೆ 2001ರ ಮಾರ್ಚ್ 4ರಂದು ಕುಸಿದು 59 ಮಂದಿ ಸತ್ತರು. ವರ್ಷಗಟ್ಟಲೆ ಮರಳು ತೆಗೆದು ಕಂಬದ ಬುಡ ದುರ್ಬಲವಾದದ್ದು ಕಾರಣಗಳಲ್ಲೊಂದೆಂದು ತನಿಖೆಯಲ್ಲಿ ಕಂಡುಬಂತು. ನಮ್ಮ ನೆರೆಯ ದಕ್ಷಿಣ ಕನ್ನಡದಲ್ಲಿ ಫಲ್ಗುಣಿ ಹೊಳೆಯ ಮೂಲರಪಟ್ಣ ಸೇತುವೆ 2018ರ ಜೂನ್‌ನಲ್ಲಿ ಕುಸಿದಾಗಲೂ ಸ್ಥಳೀಯರು ಬೆರಳು ತೋರಿಸಿದ್ದು ಮರಳುಗಾರಿಕೆಯತ್ತಲೇ.

ನೀರಿನ ಕಥೆಯೂ ಇದೇ. ಹೊಳೆಯ ತಳ ಇಳಿದರೆ ದಂಡೆಯ ಬಾವಿಗಳ ನೀರಿನ ಮಟ್ಟವೂ ಇಳಿಯುತ್ತದೆ. ಪಂಪಿನ ಹೀರುಕೊಳವೆ ನೀರಿನಿಂದ ಮೇಲೆ ಉಳಿಯುತ್ತದೆ. ಕರಾವಳಿಯಲ್ಲಾದರೆ ಉಬ್ಬರದ ಉಪ್ಪುನೀರು ಇನ್ನಷ್ಟು ಒಳಗೆ ನುಗ್ಗುತ್ತದೆ. ಚಂದ್ರಗಿರಿ ಹೊಳೆಯ ಬಾವಿಕ್ಕೆರೆಯಲ್ಲಿ ಶಾಶ್ವತ ತಡೆ ಆಗುವ ಮೊದಲು ಬೇಸಿಗೆಯಲ್ಲಿ ನಲ್ಲಿಯಲ್ಲಿ ಉಪ್ಪುನೀರು ಕುಡಿದ ಕಾಸರಗೋಡಿನವರಿಗೆ ಇದರ ಕಷ್ಟ ವಿವರಿಸಬೇಕಾಗಿಲ್ಲ.

ಬಿಡಬೇಕಾದ ಅಂತರ

ಕೇರಳ: 2001ರ ನದೀ ದಂಡೆ ಸಂರಕ್ಷಣೆ ಮತ್ತು ಮರಳು ನಿಯಂತ್ರಣ ಕಾಯ್ದೆಯಂತೆ ಸೇತುವೆ, ನೀರಾವರಿ ಯೋಜನೆ, ಪಂಪಿಂಗ್ ಸ್ಟೇಶನ್‌ಗಳಿಂದ 500 ಮೀಟರ್ ಒಳಗೆ ಮರಳು ತೆಗೆಯುವಂತಿಲ್ಲ. ದಂಡೆಯಿಂದ 10 ಮೀಟರ್ ಬಿಡಬೇಕು.

ತಮಿಳುನಾಡು: 1959ರ ಉಪಖನಿಜ ನಿಯಮಗಳಂತೆ ಸೇತುವೆ, ನೀರು ಸರಬರಾಜು ವ್ಯವಸ್ಥೆ, ಹೊಳೆಯ ಇಂಗುಬಾವಿಗಳ ಸುತ್ತ 500 ಮೀಟರ್.

ಆಂಧ್ರಪ್ರದೇಶ: ನೀರು, ಭೂಮಿ, ಮರಗಳ ರಕ್ಷಣೆಗಾಗಿ ಬಂದ 2002ರ 'ವಾಲ್ಟಾ' ಕಾಯ್ದೆಯ ನಿಯಮಗಳಂತೆ ಸೇತುವೆ, ಅಣೆಕಟ್ಟುಗಳಿಂದ 500 ಮೀಟರ್. ಕುಡಿಯುವ ನೀರಿನ ಮತ್ತು ನೀರಾವರಿ ಬಾವಿಗಳಿಗೂ ಇಷ್ಟೇ ಅಂತರ. ಹಗರಿ ದಂಡೆಯ ರಾಯದುರ್ಗದವರು ಇದನ್ನು ನೆನಪಿಡಬೇಕು.

ಕೇಂದ್ರದ 2020ರ ಮಾರ್ಗಸೂಚಿಯಲ್ಲಿ ಸೇತುವೆಯ ಸ್ಪಾನ್ ಮೇಲೆ ಲೆಕ್ಕವಿದೆ. ಮೇಲ್ಭಾಗದಲ್ಲಿ ಸ್ಪಾನಿನ 5 ಪಟ್ಟು, ಕೆಳಭಾಗದಲ್ಲಿ 10 ಪಟ್ಟು. ಕನಿಷ್ಠ 250 ಹಾಗೂ 500 ಮೀಟರ್ ಇರಲೇಬೇಕು. ಉದಾಹರಣೆಗೆ ಸ್ಪಾನ್ 60 ಮೀಟರ್ ಇದ್ದರೆ ಮೇಲೆ 300, ಕೆಳಗೆ 600 ಮೀಟರ್. ಆಳ 3 ಮೀಟರ್ ಅಥವಾ ನೀರಿನ ಮಟ್ಟ, ಯಾವುದು ಕಡಿಮೆಯೋ ಅಷ್ಟು ಮಾತ್ರ.

ಕಣ್ಣಿಗೆ ಕಾಣದ ಆಸ್ತಿಗಳು

ಸೇತುವೆ ಎಲ್ಲರಿಗೂ ಕಾಣುತ್ತದೆ. ನೆಲದಡಿಯ ನೀರಿನ ಪೈಪು, ಟೆಲಿಫೋನ್ ಕೇಬಲ್, ಗ್ಯಾಸ್ ಪೈಪು ಕಾಣುವುದಿಲ್ಲ. 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ-ಮಂಗಳೂರು ಗ್ಯಾಸ್ ಪೈಪ್‌ಲೈನ್ ಕಾಸರಗೋಡು ಜಿಲ್ಲೆಯ ಮೂಲಕ, ಚಂದ್ರಗಿರಿ ಹೊಳೆಯ ಅಡಿಯಿಂದ ಹಾದುಹೋಗಿದೆ. ಇಂತಹ ಕಡೆ ತಳ ಕೊರೆದರೆ ಪೈಪಿನ ಮೇಲಿನ ಹೊದಿಕೆ ತೆಳುವಾಗುತ್ತದೆ. ಆದ್ದರಿಂದ ನಕ್ಷೆ ತಯಾರಿಸುವಾಗಲೇ ಜಲ ಇಲಾಖೆ, ವಿದ್ಯುತ್ ಇಲಾಖೆ, ಲೋಕೋಪಯೋಗಿ, ಟೆಲಿಫೋನ್ ಮತ್ತು ಗ್ಯಾಸ್ ಸಂಸ್ಥೆಗಳಿಂದ ಲಿಖಿತ ಮಾಹಿತಿ ಪಡೆದು ಗುರುತು ಹಾಕಬೇಕು. ಲಾರಿ ಓಡಾಡುವ ದಾರಿಯ ಮೋರಿಗಳು ಅಷ್ಟು ಭಾರ ತಾಳುತ್ತವೆಯೇ ಎಂಬುದನ್ನೂ ನೋಡಬೇಕು.

ಗ್ರಾಮಸ್ಥರು ಏನು ಮಾಡಬಹುದು?

1. ಜಿಲ್ಲಾ ಸರ್ವೆ ವರದಿ ನೋಡಿ. 2016ರ ಅಧಿಸೂಚನೆಯಂತೆ ಇದರ ಕರಡನ್ನು ಕಲೆಕ್ಟರ್ ಕಚೇರಿಯಲ್ಲೂ ಜಿಲ್ಲೆಯ ವೆಬ್‌ಸೈಟಿನಲ್ಲೂ 21 ದಿನ ಸಾರ್ವಜನಿಕರ ಮುಂದಿಡಬೇಕು. ಆಕ್ಷೇಪ ಸಲ್ಲಿಸಲು ಅದೇ ಸಮಯ.

2. ಪ್ರತಿ ವರ್ಷ ಹೊಳೆಗೆ ಎಷ್ಟು ಮರಳು ಬಂದು ತುಂಬುತ್ತದೆ ಎಂಬ ಅಧ್ಯಯನ ಆಗಿದೆಯೇ ಎಂದು ಕೇಳಿ. ಅದಿಲ್ಲದೆ ಪರಿಸರ ಅನುಮತಿ ಕೊಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ತೀರ್ಪಿತ್ತಿದೆ.

3. ನಕ್ಷೆಯಲ್ಲಿ ನಿಮ್ಮೂರಿನ ಕಾಲುಸಂಕ, ಕಟ್ಟ, ಪಂಚಾಯತು ಬಾವಿ ಇವೆಯೇ ನೋಡಿ. ಬಿಟ್ಟುಹೋಗಿದ್ದರೆ ಬರೆದು ಕೊಡಿ.

4. ಸೇತುವೆಯ ಕಂಬದಲ್ಲಿ ಬೇಸಿಗೆಯ ತಳಮಟ್ಟಕ್ಕೆ ಬಣ್ಣದ ಗುರುತು ಹಾಕಿಸಲು ಲೋಕೋಪಯೋಗಿ ಇಲಾಖೆಯನ್ನು ಕೇಳಿ. ಮರುವರ್ಷ ತಳ ಎಷ್ಟು ಇಳಿದಿದೆ ಎಂದು ಯಾರು ಬೇಕಾದರೂ ಹೇಳಬಹುದು.

ನೋಟೀಸು ಮಲಯಾಳದಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಬಂದಿದೆಯೆಂದು ಸುಮ್ಮನಾಗಬೇಡಿ. ಸಂವಿಧಾನದ 350ನೇ ವಿಧಿಯಂತೆ ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಕನ್ನಡದಲ್ಲೇ ಬರೆಯಿರಿ, ಒಂದು ಪ್ರತಿಗೆ ಕಚೇರಿಯ ಮೊಹರು ಹಾಕಿಸಿ ಇಟ್ಟುಕೊಳ್ಳಿ. ಲಾರಿಗಳು ಹೊಳೆಗೆ ಇಳಿದ ಮೇಲೆ ತಡೆಯುವುದಕ್ಕಿಂತ ಕಾಗದದ ಹಂತದಲ್ಲಿ ತಡೆಯುವುದು ಸುಲಭ.