ಕಾಂಗ್ರೆಸ್ ತೊರೆದ ಸಮಾಜವಾದಿಗಳು: 1948ರ ನಿರ್ಧಾರ ಮತ್ತು ಕಾಗೋಡು

ಸಮಾಜವಾದಿಗಳು ಕಾಂಗ್ರೆಸ್ಸಿನಿಂದ ಹೊರಬಂದದ್ದು ದುಡುಕಿನ ಕೆಲಸ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆದರೆ ಒಳಗೇ ಉಳಿಯುವ ದಾರಿ ಆಗ ಎಷ್ಟು ತೆರೆದಿತ್ತು ಎಂಬುದನ್ನು ಮೊದಲು ನೋಡಬೇಕು. 1934ರಲ್ಲಿ ಹುಟ್ಟಿದ ಕಾಂಗ್ರೆಸ್ ಸೋಷಲಿಸ್ಟ್ ಪಕ್ಷಕ್ಕೆ ಕಾಂಗ್ರೆಸ್ಸಿನ ಒಳಗಿದ್ದುಕೊಂಡೇ ತನ್ನದೇ ಸದಸ್ಯತ್ವ, ತನ್ನದೇ ಕಾರ್ಯಕ್ರಮ ಇತ್ತು. 1947ರ ಕಾನ್ಪುರ ಸಮ್ಮೇಳನದಲ್ಲಿ ಅದು ಹೆಸರಿನಿಂದ ‘ಕಾಂಗ್ರೆಸ್’ ಎಂಬುದನ್ನು ಕೈಬಿಟ್ಟಿತು. ಗಾಂಧೀಜಿಯ ಹತ್ಯೆಯಾದ ಕೆಲವೇ ವಾರಗಳಲ್ಲಿ, ಪಕ್ಷದೊಳಗೆ ಇನ್ನೊಂದು ಪಕ್ಷ ಇರಕೂಡದೆಂದು ಕಾಂಗ್ರೆಸ್ ನಿಯಮ ಮಾಡಿತು. ಸಂಘಟನೆಯನ್ನು ವಿಸರ್ಜಿಸಬೇಕು, ಇಲ್ಲವೇ ಹೊರಡಬೇಕು. 1948ರ ಮಾರ್ಚಿನಲ್ಲಿ ನಾಸಿಕ್ ಸಮ್ಮೇಳನ ಹೊರಡಲು ತೀರ್ಮಾನಿಸಿತು.

ಕಾಂಗ್ರೆಸ್ ಟಿಕೆಟ್ಟಿನಲ್ಲಿ ಗೆದ್ದ ಸ್ಥಾನದಲ್ಲಿ ಕೂರುವುದು ಸಲ್ಲದೆಂದು ಆಚಾರ್ಯ ನರೇಂದ್ರದೇವ ಮತ್ತು ಸಂಗಡಿಗರು ಸಂಯುಕ್ತ ಪ್ರಾಂತದ ಶಾಸನಸಭೆಗೆ ರಾಜೀನಾಮೆ ಕೊಟ್ಟರು. ಪಕ್ಷಾಂತರವೇ ವ್ಯವಹಾರವಾಗಿರುವ ಈ ಕಾಲದಲ್ಲಿ ಆ ನಡೆಯನ್ನು ನೆನೆದರೆ ಗೌರವ ಮೂಡುತ್ತದೆ. ಉಪಚುನಾವಣೆಯಲ್ಲಿ ಆಚಾರ್ಯರು ಫೈಜಾಬಾದಿನಲ್ಲಿ ಕಾಂಗ್ರೆಸ್ಸಿನ ಬಾಬಾ ರಾಘವದಾಸರೆದುರು ಸೋತರು. ಜನರ ಮತ ಯಾವ ಹೆಸರಿನ ಹಿಂದಿತ್ತೆಂಬುದು ಅಲ್ಲಿಯೇ ಗೊತ್ತಾಗಿತ್ತು.

ಆದರೂ ಮೊದಲ ಲೋಕಸಭಾ ಚುನಾವಣೆಯಲ್ಲಿ ಪಕ್ಷ 254 ಕಡೆ ಸ್ಪರ್ಧಿಸಿತು. ಶೇ. 10.6ರಷ್ಟು ಮತ ಬಂತು. ಗೆದ್ದದ್ದು 12 ಸ್ಥಾನ. 49 ಕಡೆ ಮಾತ್ರ ನಿಂತ ಕಮ್ಯುನಿಸ್ಟರು ಶೇ. 3.3ರಷ್ಟು ಮತದಲ್ಲೇ 16 ಗೆದ್ದರು. ನನ್ನ ದೃಷ್ಟಿಯಲ್ಲಿ ತಪ್ಪಿದ್ದು ಇಲ್ಲಿ: ಬೇರಿಲ್ಲದ ಕಡೆಗಳಲ್ಲೂ ಅಭ್ಯರ್ಥಿಗಳನ್ನು ನಿಲ್ಲಿಸಿ ಶಕ್ತಿಯನ್ನು ಚೆಲ್ಲಿಕೊಂಡದ್ದು.

ಬೇರು ಇದ್ದ ಕಡೆ ಏನಾಯಿತೆಂಬುದಕ್ಕೆ ಸಾಗರ ತಾಲ್ಲೂಕಿನ ಕಾಗೋಡು ಸಾಕ್ಷಿ. ಗೇಣಿ ಭತ್ತ ಅಳೆಯಲು ಭೂಮಿಯ ಒಡೆಯರು ಬಳಸುತ್ತಿದ್ದ ಕೊಳಗ, ಊರಲ್ಲಿ ಬಳಕೆಯಲ್ಲಿದ್ದ ಕೊಳಗಕ್ಕಿಂತ ದೊಡ್ಡದು. ಅಷ್ಟೇ ಕೊಳಗ ಅಳೆದರೂ ಒಕ್ಕಲಿನ ಕಣದಿಂದ ಹೆಚ್ಚು ಭತ್ತ ಹೋಗುತ್ತಿತ್ತು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಇದನ್ನು ಪ್ರಶ್ನಿಸಿತು. 1951ರಲ್ಲಿ ಒಕ್ಕಲುಗಳು ಗದ್ದೆಗಿಳಿದು ಸತ್ಯಾಗ್ರಹ ಹೂಡಿದಾಗ ಸಮಾಜವಾದಿಗಳು ಜೊತೆಗೆ ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆಗ ಮೈಸೂರಿನಲ್ಲಿ ಇದ್ದದ್ದು ಕಾಂಗ್ರೆಸ್ ಸರ್ಕಾರ. ಆಳುವ ಪಕ್ಷದ ಸದಸ್ಯರಾಗಿಯೇ ಉಳಿದಿದ್ದರೆ ಒಡೆಯರ ಎದುರು, ಪೊಲೀಸರ ಎದುರು ಹೀಗೆ ನಿಲ್ಲಲು ಅವರಿಗೆ ಸಾಧ್ಯವಿತ್ತೆಂದು ನಾನು ನಂಬಲಾರೆ. ಮುಂದಿನ ವರ್ಷವೇ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರದಿಂದ ಶಾಸನಸಭೆಗೆ ಆರಿಸಿಬಂದರು. ಅಲ್ಲಿ ಚುನಾವಣೆಗೆ ಮೊದಲೇ ಚಳವಳಿ ಇತ್ತು.

ಒಂದು ಆಕ್ಷೇಪಕ್ಕೆ ಉತ್ತರಿಸಲೇಬೇಕು. ಗೇಣಿದಾರನಿಗೆ ಭೂಮಿ ಕೊಡುವ ಪರಿಣಾಮಕಾರಿ ಕಾನೂನು ಕರ್ನಾಟಕದಲ್ಲಿ ಜಾರಿಯಾದದ್ದು 1974ರಲ್ಲಿ, ದೇವರಾಜ ಅರಸರ ಕಾಂಗ್ರೆಸ್ ಸರ್ಕಾರದಿಂದ. ಹಾಗಾದರೆ ಒಳಗೇ ಇದ್ದು ಕಾಯಬಹುದಿತ್ತಲ್ಲ ಎನ್ನುವವರಿದ್ದಾರೆ. ಆದರೆ ಗೋಪಾಲಗೌಡರಂಥವರು ಎರಡು ದಶಕ ವಿರೋಧ ಪಕ್ಷದಲ್ಲಿದ್ದು ಆ ಬೇಡಿಕೆಯನ್ನು ಎತ್ತಿ ಹಿಡಿದಿದ್ದರೆಂಬುದನ್ನು ಬಿಟ್ಟು ಆ ಕಾನೂನಿನ ಚರಿತ್ರೆಯನ್ನು ಬರೆಯಲಾಗದು.