ಸಪೂರವಾದ ಗಾಜಿನ ಎಳೆ

ಚಿಕ್ಕಮಗಳೂರಿನಿಂದ ಮೂಡಿಗೆರೆಯ ಕಡೆಗೆ ಸಾಗುವ ದಾರಿಯಲ್ಲಿ ವಸ್ತಾರೆ ಸಿಗುತ್ತದೆ. ಕೊಯ್ಲಿನ ಕಾಲಕ್ಕೆ ಅಲ್ಲಿಯ ತೋಟಗಳಲ್ಲಿ ಒಂದೇ ಚಿಂತೆ: ಕಣದಲ್ಲಿ ಹರಡಿದ ಕಾಫಿ ಒಣಗಿತೇ, ಇಲ್ಲವೇ? ತೇವ ಮಿಕ್ಕರೆ ಬೂಷ್ಟು, ಅತಿಯಾಗಿ ಒಣಗಿದರೆ ತೂಕದ ನಷ್ಟ. ಬೀಜವನ್ನು ಹಲ್ಲಿನಲ್ಲಿ ಕಡಿದೋ, ಗೊತ್ತಾದ ಅಳತೆಯ ಪೆಟ್ಟಿಗೆ ತುಂಬಿ ತೂಗಿಯೋ ನಿರ್ಣಯಿಸುವುದುಂಟು. ತೇವವನ್ನು ಬೆಳಕಿನಿಂದಲೂ ಅರಿಯಬಹುದು ಎಂಬ ಆಲೋಚನೆಯ ಚರಿತ್ರೆ ಬೇರೆ ದೇಶಗಳಲ್ಲಿ ಆರಂಭವಾಗುತ್ತದೆ.

ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕೂ ಬಾಗಿ ಇಳಿಯುವುದನ್ನು ಜಿನೀವಾದ ಕೊಲಾಡಾನ್ 1842ರಲ್ಲಿ ಪ್ರಕಟಿಸಿದನು. 1887ರಲ್ಲಿ ಇಂಗ್ಲೆಂಡಿನ ಬಾಯ್ಸ್ ಎಂಬಾತನು ಕರಗಿದ ಸ್ಫಟಿಕಶಿಲೆಯನ್ನು ಬಾಣಕ್ಕೆ ಅಂಟಿಸಿ, ಅಡ್ಡಬಿಲ್ಲಿನಿಂದ ಹಾರಿಸಿ, ಕಣ್ಣಿಗೆ ಕಾಣದಷ್ಟು ನವುರಾದ ಎಳೆ ತೆಗೆದನು. ವಿಜ್ಞಾನಿಯ ಕೈಯಲ್ಲಿ ಬಿಲ್ಲನ್ನು ನೆನೆದರೆ ನಗು ಬರುತ್ತದೆ. ಆದರೆ ಆತನ ಉದ್ದೇಶ ಗಂಭೀರವಾಗಿದ್ದಿತು. ಎಳೆಯ ದಪ್ಪವನ್ನು ಅರ್ಧಕ್ಕಿಳಿಸಿದರೆ ಅದನ್ನು ತಿರುಚಲು ಬೇಕಾದ ಬಲ ಹದಿನಾರನೆಯ ಒಂದು ಪಾಲಿಗಿಳಿಯುತ್ತದೆ. ರೇಷ್ಮೆ ತಿರುಚಿದಂತೆಯೇ ಸ್ವಲ್ಪ ಉಳಿದುಬಿಡುತ್ತದೆ, ಸ್ಫಟಿಕಶಿಲೆ ಮೊದಲಿನ ಸ್ಥಾನಕ್ಕೆ ಮರಳುತ್ತದೆ. ಅದರಿಂದಲೇ ಆತ ಗುರುತ್ವದ ಮೌಲ್ಯವನ್ನು ಅಳೆದು 1895ರಲ್ಲಿ ಪ್ರಕಟಿಸಿದನು. ಆಕಾರ ಮತ್ತು ದ್ರವ್ಯ ಎರಡೂ ಸೇರಿಯೇ ಉಪಕರಣದ ಸೂಕ್ಷ್ಮತೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

1897ರಲ್ಲಿ ಕಲ್ಕತ್ತೆಯ ಜಗದೀಶಚಂದ್ರ ಬೋಸರು ಎರಡು ಪಟ್ಟಕಗಳ ನಡುವೆ ಗಾಳಿಯ ಸಂದನ್ನು ಬಿಟ್ಟು, ಪೂರ್ಣವಾಗಿ ಪ್ರತಿಫಲಿಸಬೇಕಾದ ವಿದ್ಯುದಲೆ ಆ ಸಂದನ್ನು ಎಷ್ಟರ ಮಟ್ಟಿಗೆ ದಾಟುವುದೆಂದು ಪರೀಕ್ಷಿಸಿದರು. ಗೋಡೆಯಾಚೆಗೂ ಅಲೆಯ ಅಂಚು ಚಾಚಿರುತ್ತದೆ. 1954ರಲ್ಲಿ ಡಚ್ ವಿಜ್ಞಾನಿ ಫಾನ್ ಹೀಲ್ ಗಾಜಿನ ಎಳೆಗೆ ಹೊದಿಕೆ ತೊಡಿಸುವ ಮಾರ್ಗವನ್ನು ಸೂಚಿಸಿದ್ದು ಬೆಳಕು ಸೋರದಿರಲೆಂದು. ಅದೇ ವರ್ಷ ಪಂಜಾಬಿನ ನರೀಂದರ್ ಸಿಂಗ್ ಕಪಾನಿ, ಲಂಡನ್ನಿನಲ್ಲಿ ಹಾಪ್ಕಿನ್ಸರೊಡನೆ, ಎಳೆಗಳ ಕಟ್ಟಿನಿಂದ ಚಿತ್ರಗಳನ್ನು ಸಾಗಿಸಿದರು.

ಮುಂದಿನವರು ಆ ಸೋರಿಕೆಯನ್ನೇ ಬಯಸಿದರು. ಎಳೆಯನ್ನು ಜ್ವಾಲೆಯಲ್ಲಿ ಕಾಯಿಸಿ ಎಳೆದರೆ ನಡು ಸಪೂರವಾಗುತ್ತದೆ. ಅಲ್ಲಿ ಬೆಳಕಿನ ಒಂದಂಶ ಗಾಜಿನ ಹೊರಗೆ ಹರಿದು ಸುತ್ತಣ ವಸ್ತುವನ್ನು ಮುಟ್ಟುತ್ತದೆ. ನಡು ತೆಳುವಾದಷ್ಟೂ ಸ್ಪರ್ಶ ಹೆಚ್ಚು. ಇಳಿಜಾರು ನಿಧಾನವಾಗಿದ್ದರೆ ಬೆಳಕು ಒಂದೇ ಬಗೆಯಲ್ಲಿ ಸಾಗುತ್ತದೆ. ಥಟ್ಟನೆ ಇಳಿದರೆ ಹಲವು ಬಗೆಗಳಾಗಿ ಒಡೆದು ತಮ್ಮೊಳಗೇ ಸೆಣಸುತ್ತದೆ. ಸಿಲಿಕಾ ಗಾಜಿನ ವಕ್ರೀಭವನಾಂಕ ಸುಮಾರು 1.45, ನೀರಿನದು 1.33. ಎರಡೂ ಹತ್ತಿರವಾದಷ್ಟು ಬೆಳಕು ಹೊರಚಾಚುತ್ತದೆ. ತೇವದಲ್ಲಿ ಉಬ್ಬುವ ಜೆಲಟಿನ್ ಲೇಪಿಸಿದರೆ ಗಾಳಿಯ ಆರ್ದ್ರತೆಗೂ ಎಳೆ ಸ್ಪಂದಿಸುತ್ತದೆ.

ಆದರೆ ಕೂದಲಿಗಿಂತ ಬಹಳ ತೆಳುವಾದ ಆ ನಡುವಿಗೆ ಕಣದ ಧೂಳು ಕೂತರೂ ಲೆಕ್ಕ ತಪ್ಪುತ್ತದೆ. ಗಾಜು ಒಂದು ಬೆರಳ ತಾಗುವಿಕೆಗೇ ಮುರಿದೀತು. ಪ್ಲಾಸ್ಟಿಕ್ ಎಳೆ ಮುರಿಯದೆ ಬಾಗುತ್ತದೆ, ಆದರೆ ಗಾಜು ತಾಳುವ ಬಿಸಿಯನ್ನು ಅದು ತಾಳದು.