ಮ್ಯಾಥ್ ರಾಕ್ ಸಂಗೀತದ ವಂಶಾವಳಿ: ಒಂದು ಶ್ರವಣ ವಿವೇಚನೆ

ರಾಜವಂಶಗಳ ಚರಿತ್ರೆಯನ್ನು ಬರೆಯುವವರು ತಾಮ್ರಶಾಸನಗಳ ಆದಿಯಲ್ಲಿ ಬರುವ ವಂಶಾವಳಿಯನ್ನು ಇದ್ದಂತೆಯೇ ಅಂಗೀಕರಿಸುವುದಿಲ್ಲ. ಹೊಯ್ಸಳರು ತಮ್ಮನ್ನು ಯದುಕುಲದವರೆಂದು ಹೇಳಿಕೊಂಡರು. ಆ ಹೇಳಿಕೆಯಿಂದ ಅವರ ಮೂಲಕ್ಕಿಂತ ಅವರ ಆಕಾಂಕ್ಷೆಯೇ ನಮಗೆ ಹೆಚ್ಚಾಗಿ ವಿದಿತವಾಗುತ್ತದೆ. ಸಂಗೀತಪ್ರಕಾರಗಳಿಗೂ ಇಂತಹ ವಂಶಾವಳಿಗಳುಂಟು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ೧೯೯೦ರ ದಶಕದಲ್ಲಿ ರೂಪುಗೊಂಡು, ಇಂದು ಜಪಾನ್, ಇಂಗ್ಲೆಂಡ್, ತೈವಾನುಗಳಲ್ಲಿಯೂ ಪ್ರಚಾರದಲ್ಲಿರುವ ‘ಮ್ಯಾಥ್ ರಾಕ್’, ಅಂದರೆ ಗಣಿತದ ರಾಕ್, ಎಂಬ ಪ್ರಕಾರದ ವಂಶಾವಳಿಯನ್ನು ಅದರ ಮುದ್ರಿಕೆಗಳ ಸಾಕ್ಷ್ಯದೊಡನೆ ತಾಳೆನೋಡುವುದು ಪ್ರಕೃತ ಲೇಖನದ ಉದ್ದೇಶ. ಇದು ಇತಿಹಾಸ ವಿಭಾಗದ ಸಂಚಿಕೆಗೆ ತಕ್ಕ ವಿಷಯವೇ ಎಂದು ಕೆಲವರು ಶಂಕಿಸಬಹುದು. ಧ್ವನಿಮುದ್ರಿಕೆಯೂ ಒಂದು ದಾಖಲೆಯೇ. ಅದನ್ನು ಓದುವುದು ಕಿವಿಯಿಂದ, ಅಷ್ಟೇ ವ್ಯತ್ಯಾಸ.

ಪ್ರಚಲಿತವಾದ ವೃತ್ತಾಂತವು ಹೀಗಿದೆ. ರಾಕ್ ಸಂಗೀತವು ಬಹುಮಟ್ಟಿಗೆ ನಾಲ್ಕು ಎಣಿಕೆಯ ಆವರ್ತದಲ್ಲಿ ನಡೆಯುತ್ತದೆ. ಮ್ಯಾಥ್ ರಾಕ್ ಐದು, ಏಳು, ಹನ್ನೊಂದು ಮೊದಲಾದ ವಿಷಮ ಎಣಿಕೆಗಳನ್ನು ಹಿಡಿದು, ಒಂದೇ ಗೀತೆಯೊಳಗೆ ಅವುಗಳನ್ನು ಬದಲಿಸುತ್ತದೆ. ಆದಕಾರಣ ಇದು ೧೯೭೦ರ ದಶಕದ ಇಂಗ್ಲಿಷ್ ‘ಪ್ರೊಗ್ರೆಸಿವ್ ರಾಕ್’ನ ಸಂತತಿ, ಬುದ್ಧಿಜೀವಿಗಳ ರಾಕ್. ಎಣಿಕೆಯ ವಿಷಯವಾಗಿ ಹೇಳಿದ ಮಾತು ಸ್ಥೂಲವಾಗಿ ನಿಜ. ಆದರೆ ಎಣಿಕೆಯೊಂದರಿಂದಲೇ ಕುಲನಿರ್ಣಯ ಮಾಡಲಾಗದು. ಪಾಲ್ ಡೆಸ್ಮಂಡ್ ರಚಿಸಿ ಡೇವ್ ಬ್ರೂಬೆಕ್ ತಂಡವು ೧೯೫೯ರಲ್ಲಿ ಮುದ್ರಿಸಿದ ‘ಟೇಕ್ ಫೈವ್’ ಐದು ಎಣಿಕೆಯದು. ಪಿಂಕ್ ಫ್ಲಾಯ್ಡ್ ತಂಡದ ೧೯೭೩ರ ‘ಮನಿ’ ಬಹುಪಾಲು ಏಳು ಎಣಿಕೆಯದು. ಇವೆರಡನ್ನೂ ಯಾರೂ ಮ್ಯಾಥ್ ರಾಕ್ ಎಂದು ಕರೆಯುವುದಿಲ್ಲ.

ಹೆಸರಿನ ಹುಟ್ಟೂ ವಿಚಾರಾರ್ಹವಾಗಿದೆ. ನ್ಯೂಯಾರ್ಕಿನ ಚಾವೇಜ್ ತಂಡದ ಗಿಟಾರ್ ವಾದಕ ಮ್ಯಾಟ್ ಸ್ವೀನಿ ಒಂದು ಸಂದರ್ಶನದಲ್ಲಿ ಹೇಳಿರುವಂತೆ, ಇದು ಅವರ ಸ್ನೇಹಿತನೊಬ್ಬನು ಮೂದಲಿಕೆಗಾಗಿ ಕಟ್ಟಿದ ಮಾತು. ಆತನು ನಿರ್ವಿಕಾರನಾಗಿ ವಾದನವನ್ನು ಕೇಳಿ, ಮುಗಿದಮೇಲೆ ಕ್ಯಾಲ್ಕ್ಯುಲೇಟರ್ ತೆಗೆದು ಗೀತೆ ಎಷ್ಟು ಚೆನ್ನಾಗಿತ್ತೆಂದು ಲೆಕ್ಕಹಾಕುತ್ತಿದ್ದನಂತೆ. ನೆನಪಿನಿಂದ ಹೇಳಿದ ಮಾತಾದುದರಿಂದ ಇದನ್ನೇ ಹೆಸರಿನ ಹುಟ್ಟಿಗೆ ಏಕೈಕ ಪ್ರಮಾಣವೆಂದು ಹಿಡಿಯಬೇಕಾಗಿಲ್ಲ. ಆದಾಗ್ಯೂ ವಾದಕರೊಬ್ಬರು ಹೆಸರನ್ನು ಬಿರುದೆಂದು ಬಗೆಯದೆ ನಿಂದೆಯೆಂದೇ ನೆನೆದಿರುವುದು ಗಮನಾರ್ಹ. ಕಾಲಕ್ರಮದಲ್ಲಿ ಪರಿಹಾಸವೇ ಲಕ್ಷಣವಾಗಿ ನಿಂತಿತು.

ಆದ್ದರಿಂದ ಹೆಸರನ್ನು ಬದಿಗಿಟ್ಟು ಮುದ್ರಿಕೆಗಳಿಗೆ ಬರುವುದು ಯುಕ್ತ. ಈ ಪ್ರಕಾರದ ಆದ್ಯ ಕೃತಿಗಳಲ್ಲೊಂದೆಂದು ಸಾಮಾನ್ಯವಾಗಿ ಒಪ್ಪಿರುವುದು ಕೆಂಟಕಿ ಸಂಸ್ಥಾನದ ಲೂಯಿವಿಲ್ ನಗರದ ಸ್ಲಿಂಟ್ ತಂಡದ ‘ಸ್ಪೈಡರ್‌ಲ್ಯಾಂಡ್’. ಆರು ಗೀತೆಗಳ ಈ ಮುದ್ರಿಕೆ ೧೯೯೦ರ ಆಗಸ್ಟಿನಲ್ಲಿ ಶಿಕಾಗೋ ನಗರದಲ್ಲಿ ಕೆಲವೇ ದಿನಗಳಲ್ಲಿ ಸಿದ್ಧವಾಗಿ, ೧೯೯೧ರ ಮಾರ್ಚಿಯಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ತಂಡವೇ ಚದುರಿಹೋಗಿತ್ತು. ವಾದಕರು ಇಪ್ಪತ್ತರ ಆಸುಪಾಸಿನ ತರುಣರು. ಅವರಲ್ಲಿ ಬ್ರಯನ್ ಮೆಕ್‌ಮಹಾನ್ ಮತ್ತು ಬ್ರಿಟ್ ವಾಲ್ಫರ್ಡ್ ಇದಕ್ಕೆ ಮೊದಲು ಅದೇ ಊರಿನ ‘ಸ್ಕ್ವಿರಲ್ ಬೇಟ್’ ಎಂಬ ಹಾರ್ಡ್‌ಕೋರ್ ತಂಡದಲ್ಲಿದ್ದವರು. ಹಾರ್ಡ್‌ಕೋರ್ ಎಂದರೆ ೧೯೮೦ರ ಸುಮಾರಿನಲ್ಲಿ ಪಂಕ್ ಸಂಗೀತವು ತಳೆದ ಅತಿವೇಗದ, ಅತಿಸಂಕ್ಷೇಪದ ರೂಪ: ಒಂದೆರಡು ನಿಮಿಷಗಳಲ್ಲಿ ಮುಗಿಯುವ ಗೀತೆಗಳು, ಬಾಡಿಗೆಯ ಸಭಾಂಗಣಗಳಲ್ಲಿಯೂ ಮನೆಗಳ ನೆಲಮಾಳಿಗೆಗಳಲ್ಲಿಯೂ ನಡೆಯುವ ಕಚೇರಿಗಳು.

ಮುದ್ರಿಕೆಯ ಎರಡನೆಯ ಗೀತೆ ‘ನೋಸ್ಫೆರಾಟು ಮ್ಯಾನ್’ ನಮ್ಮ ಪರೀಕ್ಷೆಗೆ ಅನುಕೂಲವಾಗಿದೆ. ನಾವು ಅನುಸರಿಸಿದ ಕ್ರಮವು ಸರಳವಾದುದು: ಮೊದಲು ಎಣಿಸದೆ ಕೇಳುವುದು, ಬಳಿಕ ಡ್ರಮ್ಮನ್ನು ಮಾತ್ರ ಹಿಡಿದು ಕೇಳುವುದು, ಅನಂತರ ಒಂದೊಂದು ಗಿಟಾರನ್ನು ಬೇರ್ಪಡಿಸಿ ಕೇಳುವುದು. ಎಣಿಸಿದಾಗ ಚರಣಭಾಗವು ಐದರಲ್ಲಿದೆಯೆಂದೂ ಆರ್ಭಟದ ಭಾಗದಲ್ಲಿ ಎಣಿಕೆ ಬದಲಾಗುವುದೆಂದೂ ತಿಳಿಯುತ್ತದೆ. ಆದರೆ ಎಣಿಸದೆ ಕೇಳಿದಾಗ ತಿಳಿಯುವ ಸಂಗತಿ ಇದಕ್ಕಿಂತ ಮುಖ್ಯವಾದುದು. ನಾಲ್ಕರಲ್ಲಿ ಮುಗಿಯಬೇಕಾಗಿದ್ದ ಗಿಟಾರಿನ ನುಡಿ ಮುಗಿಯದೆ ಇನ್ನೊಂದು ಹೆಜ್ಜೆ ಎಳೆಯುತ್ತದೆ; ಕೇಳುವವನು ಕಾಲೂರಿದಲ್ಲಿ ನೆಲ ಸಿಕ್ಕುವುದಿಲ್ಲ. ಅದರ ಮೇಲೆ ಕಥೆಯನ್ನು ಹಾಡದೆ, ತಗ್ಗಿದ ದನಿಯಲ್ಲಿ ಹೇಳುತ್ತ ಹೋಗುತ್ತಾರೆ. ಐದನೆಯ ಎಣಿಕೆ ಆ ಕಥೆಯ ಕಳವಳಕ್ಕಾಗಿ ಬಂದಿದೆಯೇ ಹೊರತು ಲೆಕ್ಕದ ಪ್ರದರ್ಶನಕ್ಕಾಗಿ ಅಲ್ಲ. ಪ್ರೊಗ್ರೆಸಿವ್ ರಾಕಿನ ದೀರ್ಘ ಕೀಬೋರ್ಡ್ ವಾದನವಾಗಲಿ, ಏಕವ್ಯಕ್ತಿಯ ಕೈಚಳಕವನ್ನು ಮೆರೆಸುವ ವೈಭವವಾಗಲಿ ಇಲ್ಲಿ ಲೇಶವೂ ಇಲ್ಲ. ಹಾರ್ಡ್‌ಕೋರ್ ವೇಗವನ್ನು ಕಳೆದುಕೊಂಡು, ಬಿಗಿಯನ್ನು ಮಾತ್ರ ಉಳಿಸಿಕೊಂಡಿದ್ದರೆ ಹೇಗಿರುತ್ತಿತ್ತೋ ಹಾಗಿದೆ.

ಇಲ್ಲಿ ಕನ್ನಡನಾಡಿನ ಶ್ರೋತೃಗಳಿಗೆ ಒಂದು ಪ್ರಲೋಭನೆ ಒದಗುತ್ತದೆ. ಖಂಡಚಾಪಿನ ಐದು, ಮಿಶ್ರಚಾಪಿನ ಏಳು ನಮ್ಮ ಕಚೇರಿಗಳಲ್ಲಿ ನಿತ್ಯದ ಮಾತು. ಅಮೆರಿಕದ ವಿಮರ್ಶಕನು ವಿಸ್ಮಯಪಡುವಲ್ಲಿ ನಮ್ಮ ಕೈ ತಾನಾಗಿ ತೊಡೆಯ ಮೇಲೆ ತಾಳಹಾಕುತ್ತದೆ. ಹೀಗಿರಲು, ಇದೆಲ್ಲವೂ ನಮ್ಮಿಂದಲೇ ಹೋದದ್ದೆಂದು ನಾವೂ ಒಂದು ಯದುಕುಲವನ್ನು ಬರೆದುಬಿಡಬಹುದು. ಅದಕ್ಕೆ ಅರ್ಧ ಆಧಾರವೂ ದೊರೆಯುತ್ತದೆ. ೧೯೭೧ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾವನ್ನು ಕಟ್ಟಿದ ಜಾನ್ ಮೆಕ್‌ಲಾಫ್ಲಿನ್ ಅವರು ಎಸ್. ರಾಮನಾಥನ್ ಅವರಲ್ಲಿ ವೀಣೆಯನ್ನು ಅಭ್ಯಾಸಮಾಡಿದವರು. ಮುಂದೆ ‘ಶಕ್ತಿ’ ತಂಡದಲ್ಲಿ ಘಟವಾದಕ ಟಿ. ಎಚ್. ವಿನಾಯಕರಾಮ್ ಅವರೊಡನೆ ನುಡಿಸಿದವರು. ಆದರೆ ಆ ಧಾರೆ ಜಾಜ್ ಸಮ್ಮಿಶ್ರಣದ್ದು. ಲೂಯಿವಿಲ್ಲಿನ ತರುಣರ ಮುದ್ರಿಕೆಯಲ್ಲಿ ಅದರ ಸುಳಿವು ಕಾಣದು. ಲಕ್ಷಣದಲ್ಲಿಯೂ ಭೇದವುಂಟು. ನಮ್ಮ ತಾಳ ಸ್ಥಿರವಾದುದು. ಮೃದಂಗದ ಲೆಕ್ಕಾಚಾರವೆಲ್ಲ ಅದರ ಮೇಲೆ ನಡೆದು, ಮುಕ್ತಾಯವು ಮೂರಾವರ್ತಿ ತಿರುಗಿ ಎತ್ತುಗಡೆಯ ಸ್ಥಾನಕ್ಕೆ ಬಂದು ಸೇರಿದಾಗ ಸಭೆ ತಲೆದೂಗುತ್ತದೆ. ಮ್ಯಾಥ್ ರಾಕಿನಲ್ಲಿ ತಾಳಹಾಕುವ ಕೈಯೇ ಇಲ್ಲ. ಎಣಿಕೆಯು ಒಂದು ನುಡಿಯಿಂದ ಮತ್ತೊಂದಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಮರಳಿ ಬಂದೆವೆಂಬ ಸಮಾಧಾನವನ್ನು ಹಲವು ವೇಳೆ ಬೇಕೆಂದೇ ಕೊಡುವುದಿಲ್ಲ. ನಮ್ಮ ತಾಳಜ್ಞಾನವು ಎಣಿಸುವುದಕ್ಕೆ ಸಹಾಯಕ, ಕುಲನಿರ್ಣಯಕ್ಕಲ್ಲ.

೧೯೯೧ರಲ್ಲಿ ಪ್ರಾರಂಭವಾದ ಪಿಟ್ಸ್‌ಬರ್ಗಿನ ಡಾನ್ ಕ್ಯಾಬಲೆರೊ ತಂಡವು ಬಹುಮಟ್ಟಿಗೆ ಗಾಯಕನಿಲ್ಲದ ತಂಡ. ಇದರಲ್ಲಿ ಪಾತ್ರಗಳು ಅದಲುಬದಲಾಗಿವೆ: ಡೇಮನ್ ಚೇ ಅವರ ಡ್ರಮ್ ಆಧಾರವಾಗಿ ಹಿಂದೆ ನಿಲ್ಲದೆ ಮುಂದಾಳಾಗಿ ಮಾತನಾಡುತ್ತದೆ, ಗಿಟಾರುಗಳು ಸಣ್ಣ ನುಡಿಗಳನ್ನು ಆವರ್ತಿಸುತ್ತ ತಾಳದ ಹೊಣೆಯನ್ನು ಹೊರುತ್ತವೆ. ೨೦೦೦ದ ‘ಅಮೆರಿಕನ್ ಡಾನ್’ ಮುದ್ರಿಕೆಯಲ್ಲಿ ಗಿಟಾರ್ ವಾದಕ ಇಯನ್ ವಿಲಿಯಮ್ಸ್ ತಮ್ಮ ನುಡಿಯನ್ನು ಉಪಕರಣವೊಂದರಲ್ಲಿ ಹಿಡಿದು, ಅದು ಸುತ್ತುತ್ತಿರುವಾಗಲೇ ಅದರ ಮೇಲೆ ಮತ್ತೊಂದನ್ನು ನುಡಿಸುತ್ತಾರೆ. ಈ ರೀತಿಗೆ ಹತ್ತಿರದ ಬಂಧು ರಾಕ್ ಅಲ್ಲ. ಸ್ಟೀವ್ ರೈಖ್ ಅವರ ‘ಪಿಯಾನೊ ಫೇಸ್’. ೧೯೬೭ರ ಆ ಕೃತಿಯಲ್ಲಿ ಇಬ್ಬರು ವಾದಕರು ಹನ್ನೆರಡು ಸ್ವರಗಳ ಒಂದೇ ನುಡಿಯನ್ನು ಹಿಡಿದು ಹೊರಟು, ಒಬ್ಬರು ತುಸುತುಸುವೇ ವೇಗ ಹೆಚ್ಚಿಸಿ ಒಂದು ಸ್ವರ ಮುಂದಕ್ಕೆ ಜಾರುತ್ತಾರೆ. ಇಬ್ಬರೂ ನುಡಿಸದ ಮೂರನೆಯ ರಾಗಚ್ಛಾಯೆಯೊಂದು ನಡುವೆ ಕೇಳಿಬರುತ್ತದೆ. ಇಲಿನಾಯ್ ಸಂಸ್ಥಾನದ ಅಮೆರಿಕನ್ ಫುಟ್‌ಬಾಲ್ ತಂಡವು ೧೯೯೯ರಲ್ಲಿ ಹೊರತಂದ ಮುದ್ರಿಕೆಯಲ್ಲಿ ಗಿಟಾರುಗಳೆರಡು ಹೀಗೆಯೇ ಹೆಣೆದುಕೊಳ್ಳುತ್ತವೆ. ರೈಖ್ ಅವರ ಪ್ರಭಾವವನ್ನು ಆ ವಾದಕರು ತಾವೇ ಹೇಳಿಕೊಂಡಿದ್ದಾರೆ. ಜೊತೆಗೆ ಡ್ರಮ್ ವಾದಕರೇ ನುಡಿಸಿದ ಟ್ರಂಪೆಟ್ ಜಾಜಿನ ನೆನಪು ತರುತ್ತದೆ, ಗಾಯನವು ಪಂಕಿನ ಕವಲಾದ ‘ಇಮೊ’ದ ಅಳಲನ್ನು ತರುತ್ತದೆ.

ವಿಲಿಯಮ್ಸ್ ಅವರ ಮುಂದಿನ ತಂಡ ಬ್ಯಾಟಲ್ಸ್ ೨೦೦೨ರಲ್ಲಿ ನ್ಯೂಯಾರ್ಕಿನಲ್ಲಿ ಏರ್ಪಟ್ಟಿತು. ಅದರ ೨೦೦೭ರ ‘ಅಟ್ಲಾಸ್’ ಈ ಪ್ರಕಾರದ ಅತಿ ಪ್ರಸಿದ್ಧ ಗೀತೆಗಳಲ್ಲೊಂದು. ಅದನ್ನು ಎಣಿಸಿ ನೋಡಿದವರಿಗೆ ಆಶ್ಚರ್ಯ ಕಾದಿದೆ: ಡ್ರಮ್ ಬಹುಮಟ್ಟಿಗೆ ಒಂದೇ ತಿಶ್ರನಡೆಯಲ್ಲಿ ಅಳುಕದೆ ಸಾಗುತ್ತದೆ. ಗಣಿತವೇ ಇಲ್ಲದ ಗಣಿತದ ರಾಕ್! ಇದನ್ನು ಆ ಪ್ರಕಾರಕ್ಕೆ ಸೇರಿಸಿದ ಶ್ರೋತೃಗಳು ತಪ್ಪಿದರೆಂದು ನಾವು ಭಾವಿಸುವುದಿಲ್ಲ. ಅವರ ಕಿವಿ ಸರಿಯಾಗಿಯೇ ಗುರುತಿಸಿದೆ. ಗುರುತಿಸಿದ್ದು ಎಣಿಕೆಯನ್ನಲ್ಲ, ಹೆಣಿಗೆಯನ್ನು.

ಪ್ರೊಗ್ರೆಸಿವ್ ರಾಕಿನ ಪಕ್ಷದವರಿಗೆ ಸಲ್ಲಬೇಕಾದುದೂ ಸ್ವಲ್ಪವುಂಟು. ೧೯೭೪ರಲ್ಲಿ ವಿಸರ್ಜಿತವಾಗಿದ್ದ ಕಿಂಗ್ ಕ್ರಿಮ್ಸನ್ ೧೯೮೧ರಲ್ಲಿ ಪುನಃ ಕೂಡಿ ‘ಡಿಸಿಪ್ಲಿನ್’ ಎಂಬ ಮುದ್ರಿಕೆಯನ್ನು ತಂದಿತು. ರಾಬರ್ಟ್ ಫ್ರಿಪ್, ಏಡ್ರಿಯನ್ ಬಿಲ್ಯೂ ಇವರ ಗಿಟಾರುಗಳು ಬೇರೆಬೇರೆ ಅಳತೆಯ ನುಡಿಗಳನ್ನು ಹಿಡಿದು, ಇಂಡೊನೇಷ್ಯದ ಗ್ಯಾಮಲಾನ್ ವಾದ್ಯವೃಂದದ ಮಾದರಿಯಲ್ಲಿ ಒಂದರೊಳಗೊಂದು ಕೂಡುತ್ತವೆ. ಇದನ್ನು ಪೂರ್ವಜನೆನ್ನಲು ಅಡ್ಡಿಯಿಲ್ಲ. ಆದರೆ ಇದು ೧೯೭೦ರ ದಶಕದ ಮಹಾಕಾವ್ಯಗಳ ದಾರಿಯನ್ನು ಬಿಟ್ಟು ಬಂದ ಕಿಂಗ್ ಕ್ರಿಮ್ಸನ್ ಎಂಬುದನ್ನು ಮರೆಯಲಾಗದು.

ಶಾಸನದಲ್ಲಿ ರಾಜಪ್ರಶಸ್ತಿಗಿಂತ ಕೊನೆಯಲ್ಲಿ ಬರುವ ರೂವಾರಿಯ ಹೆಸರು ಒಮ್ಮೊಮ್ಮೆ ಹೆಚ್ಚು ತಿಳಿಸುತ್ತದೆ. ಇಲ್ಲಿಯೂ ಹಾಗೆಯೇ. ಸ್ಲಿಂಟಿನ ಮೊದಲ ಮುದ್ರಿಕೆ ‘ಟ್ವೀಜ್’ (೧೯೮೯), ಡಾನ್ ಕ್ಯಾಬಲೆರೊ ತಂಡದ ‘ಫಾರ್ ರೆಸ್ಪೆಕ್ಟ್’ (೧೯೯೩) ಹಾಗೂ ‘ಅಮೆರಿಕನ್ ಡಾನ್’ ಈ ಮೂರನ್ನೂ ಮುದ್ರಿಸಿದ ಕೈ ಒಂದೇ: ೨೦೨೪ರಲ್ಲಿ ತೀರಿಕೊಂಡ ಸ್ಟೀವ್ ಆಲ್ಬಿನಿಯವರದು. ಅವರು ನಿರ್ಮಾಪಕನೆಂಬ ಬಿರುದನ್ನಾಗಲಿ ಮಾರಾಟದಲ್ಲಿ ಪಾಲನ್ನಾಗಲಿ ಒಲ್ಲದೆ, ಮುದ್ರಿಸಿದವನೆಂದಷ್ಟೇ ಕರೆಯಿಸಿಕೊಳ್ಳಲು ಬಯಸಿದರು. ತಂಡವು ಒಂದೆಡೆ ಕೂಡಿ ನುಡಿಸಬೇಕು, ಕೋಣೆಯ ನಾದವೂ ಮುದ್ರಿಕೆಯಲ್ಲಿ ಉಳಿಯಬೇಕು, ಅಲ್ಪಕಾಲದಲ್ಲಿ ಅಲ್ಪವೆಚ್ಚದಲ್ಲಿ ಕೆಲಸ ಮುಗಿಯಬೇಕು ಎಂಬ ಅವರ ಪದ್ಧತಿ ಪಂಕ್ ಲೋಕದ್ದು. ಹಾರ್ಡ್‌ಕೋರ್ ಮೂಲಕ್ಕೆ ನಮಗೆ ದೊರೆಯುವ ಬಲವಾದ ಸಾಕ್ಷ್ಯವು ಸ್ವರಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಈ ಕೋಣೆಯ ನಾದದಲ್ಲಿದೆ. ವಂಶಾವಳಿಯನ್ನು ಬರೆದವರು ಬುದ್ಧಿಜೀವಿಗಳ ಹೆಸರನ್ನು ಮೇಲಿಟ್ಟು ನೆಲಮಾಳಿಗೆಯನ್ನು ಕೈಬಿಟ್ಟುದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ಮುಂದಿನ ಪ್ರಸಾರವನ್ನು ಸಂಕ್ಷೇಪವಾಗಿ ಹೇಳಬಹುದು. ಟೋಕಿಯೋ ನಗರದ ಟೋ ತಂಡದ ೨೦೦೫ರ ಮುದ್ರಿಕೆಯಲ್ಲಿ ಇದು ಮೃದುವಾಯಿತು, ಆಕ್ಸ್‌ಫರ್ಡಿನ ಫೋಲ್ಸ್ ತಂಡದ ‘ಆಂಟಿಡೋಟ್ಸ್’ನಲ್ಲಿ (೨೦೦೮) ಕುಣಿತಕ್ಕೆ ಒದಗಿತು, ತೈವಾನಿನ ಎಲಿಫೆಂಟ್ ಜಿಮ್ ತಂಡದಲ್ಲಿ ಬಾಸ್ ಗಿಟಾರಿಗೆ ಮುಂದಾಳ್ತನ ದೊರೆಯಿತು. ಇವರೊಡನೆ, ಲೆಕ್ಕವನ್ನೇ ಹಿರಿಮೆಯೆಂದು ನಂಬಿದ ವಾದಕರೂ ಶ್ರೋತೃಗಳೂ ಹೆಚ್ಚಿದ್ದಾರೆ. ಆ ಸ್ನೇಹಿತನ ಕ್ಯಾಲ್ಕ್ಯುಲೇಟರನ್ನು ಈಗ ನಗೆಯಿಲ್ಲದೆ ಹೊರತೆಗೆಯುತ್ತಾರೆ. ಈಚಿನ ಮುದ್ರಿಕೆಗಳಲ್ಲಿ ಹಲವು ಗಣಕಯಂತ್ರದಲ್ಲಿ ಕೊಯ್ದು ಜೋಡಿಸಿದವಾದುದರಿಂದ, ಕೇಳುತ್ತಿರುವುದು ಕೈಯ ಕೆಲಸವೋ ಜೋಡಣೆಯ ಕೆಲಸವೋ ಎಂಬುದನ್ನು ಕಿವಿಯೊಂದೇ ನಿರ್ಣಯಿಸಲಾರದು. ಅವುಗಳ ಪರೀಕ್ಷೆಗೆ ಬೇರೆಯ ಕ್ರಮ ಬೇಕಾಗುತ್ತದೆ. ಅದನ್ನು ಇಲ್ಲಿ ಕೈಗೊಂಡಿಲ್ಲ.